ಗ್ರೀನ್ ಸ್ಟಫ್ ಪುಟ್ಟಿ ಆರು ತಿಂಗಳು ಬಳಸಿದ್ಮೇಲೆ: ಇಂಗ್ಲಿಷ್ ಸೋಲ್ಜರ್ ತಲೆಗೆ ಟಿಪ್ಪು ಸೈನ್ಯದ ರುಮಾಲು

ಮೊದ್ಲೇ ಹೇಳ್ಬಿಡ್ತೀನಿ, ಇದು ಪೂರ್ತಿ ಹುಚ್ಚರ ವಿಷ್ಯ. 28 ಎಂಎಂ ಎತ್ತರದ ಪ್ಲಾಸ್ಟಿಕ್ ಸಿಪಾಯಿ, ಅವನ ತಲೆ ಹೆಸರುಕಾಳಿನಷ್ಟು, ಆ ತಲೆ ಮೇಲಿರೋ ಇಂಗ್ಲಿಷ್ ಟೋಪಿ ಕತ್ತರಿಸಿ ಹಾಕಿ ಅಲ್ಲಿ ಒಂದು ರುಮಾಲು ಸುತ್ತಬೇಕು, ಅದಕ್ಕೆ ಯಾವ ಪುಟ್ಟಿ ಒಳ್ಳೇದು ಅಂತ ನಾನು ಆರು ತಿಂಗಳಿಂದ ತಲೆ ಕೆಡಿಸ್ಕೊಂಡಿದೀನಿ. ಮನೇಲಿ ಯಾರಿಗೂ ಅರ್ಥ ಆಗಿಲ್ಲ. ಆಫೀಸ್‌ನಲ್ಲಿ ಹೇಳೋಕೇ ಹೋಗಿಲ್ಲ. ಆದ್ರೆ ಐತಿಹಾಸಿಕ ವಾರ್‌ಗೇಮಿಂಗ್ ಅಂತ ಕನ್ನಡದಲ್ಲಿ ಹುಡುಕಿದ್ರೆ ಒಂದು ಸಾಲೂ ಸಿಗಲ್ಲ, ಅದಕ್ಕೇ ಬರೀತಿದೀನಿ, ಯಾರಾದ್ರೂ ಒಬ್ಬರಿಗೆ ದುಡ್ಡು ಉಳಿದ್ರೂ ಸಾಕು.

ಗೊತ್ತಿಲ್ಲದೋರಿಗೆ ಒಂದು ಮಾತು. ಊಟದ ಟೇಬಲ್ ಮೇಲೆ ಬಟ್ಟೆ ಹಾಸಿ, ಗುಡ್ಡ ಕೆರೆ ಮರದ ತೋಪು ಎಲ್ಲ ಇಟ್ಟು, ಎರಡು ಕಡೆ ಪುಟಾಣಿ ಸೈನ್ಯ ನಿಲ್ಲಿಸಿ, ಸ್ಕೇಲ್‌ನಲ್ಲಿ ಅಳೆದು ಮುಂದೆ ಸರಿಸಿ, ದಾಳ ಹಾಕಿ ಯುದ್ಧ ಆಡೋದು. ನಾವು ಮೈಸೂರಲ್ಲಿ ಮೂರು ಜನ ಇದೀವಿ, ತಿಂಗಳಿಗೊಂದು ಭಾನುವಾರ ಸೇರ್ತೀವಿ, ಬ್ಲ್ಯಾಕ್ ಪೌಡರ್ ಅನ್ನೋ ರೂಲ್ಸ್‌ನಲ್ಲಿ ಆಡ್ತೀವಿ. ನೆಪೋಲಿಯನ್, ವಾಟರ್ಲೂ ಎಲ್ಲ ಆಡಿ ಆಡಿ ಬೇಜಾರಾಗಿ, ಅಲ್ರಪ್ಪಾ ನಮ್ಮನೆಯಿಂದ ಹದಿನೈದು ಕಿಲೋಮೀಟರ್ ದೂರದಲ್ಲಿ ಶ್ರೀರಂಗಪಟ್ಟಣ ಇಟ್ಕೊಂಡು ಬೆಲ್ಜಿಯಂ ಹೊಲದಲ್ಲಿ ಯಾಕೆ ಗುದ್ದಾಡ್ತಿದೀವಿ ಅಂತ ಒಂದಿನ ಅನ್ನಿಸ್ತು. ಹಾಗೆ ಶುರುವಾಗಿದ್ದು ಪೊಲ್ಲಿಲೂರು ಪ್ರಾಜೆಕ್ಟ್. 1780ರ ಸೆಪ್ಟೆಂಬರ್ 10, ಕಾಂಚೀಪುರದ ಹತ್ರ, ಹೈದರ್ ಮತ್ತು ಟಿಪ್ಪು ಸೇರ್ಕೊಂಡು ಇಂಗ್ಲಿಷರ ಕರ್ನಲ್ ವಿಲಿಯಂ ಬೇಲಿಯ ಪಡೇನ ನುಣ್ಣಗೆ ಮಾಡಿದ ದಿನ.

(ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಜಗಳಕ್ಕೆ ಬೇಕಾದಷ್ಟು ಜಾಗ ಇದೆ, ದಯವಿಟ್ಟು ಅಲ್ಲಿಗೇ ಹೋಗಿ. ನನ್ನ ಚಿಂತೆ ಅವನ ಸಿಪಾಯಿಯ ಸೊಂಟದ ಪಟ್ಟಿ ಎಷ್ಟು ಅಗಲ ಇತ್ತು ಅನ್ನೋದು ಮಾತ್ರ.)

ಹಾರ್ಡ್ ಪ್ಲಾಸ್ಟಿಕ್‌ನಲ್ಲಿ ಮೈಸೂರು ಪದಾತಿ ಅಂತ ಡಬ್ಬಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಕನ್ವರ್ಟ್ ಮಾಡ್ಬೇಕು, ಅಂದ್ರೆ ಬೇರೆ ಯಾರೋ ಸಿಪಾಯಿನ ತಂದು ಕೆತ್ತಿ, ಅಂಟಿಸಿ, ಪುಟ್ಟಿ ಮೆತ್ತಿ ನಮ್ಮೋನನ್ನಾಗಿ ಮಾಡ್ಕೋಬೇಕು. ನಾನು ತಗೊಂಡಿದ್ದು ಪೆರ್ರಿ ಮಿನಿಯೇಚರ್ಸ್‌ನವರ ಅಮೆರಿಕಾ ಸ್ವಾತಂತ್ರ್ಯ ಯುದ್ಧದ ಬ್ರಿಟಿಷ್ ಪದಾತಿ ಡಬ್ಬಿ. ಯಾಕೆ ಅಂದ್ರೆ ಲೆಕ್ಕ ಸರಿಯಾಗಿ ಕೂರುತ್ತೆ: ಆ ಯುದ್ಧ 1775ರಿಂದ 83, ನಮ್ಮ ಎರಡನೇ ಮೈಸೂರು ಯುದ್ಧ 1780ರಿಂದ 84. ಅದೇ ಕಾಲ, ಅದೇ ಥರದ ಚಕಮಕಿ ಕಲ್ಲಿನ ಬಂದೂಕು, ಅದೇ ಬಯನೆಟ್ಟು, ಎದೆ ಮೇಲೆ ಅದೇ ಅಡ್ಡಪಟ್ಟಿ. ಡಬ್ಬಿಯಲ್ಲಿ ಅರ್ಧ ಜನ ಹಾಗೇ ಬೇಲಿ ಕಡೆಯೋರಾಗ್ತಾರೆ, ಉಳಿದ ಅರ್ಧಕ್ಕೆ ಪಕ್ಷಾಂತರ. ತಲೆ ಬೇರೆ ಬೇರೆ ತುಂಡಾಗಿ ಬರೋದ್ರಿಂದ ಕತ್ತು ಕುಯ್ಯೋ ಕೆಲಸ ಇಲ್ಲ. ಅಂದ ಹಾಗೆ ಈ ಪೆರ್ರಿ ಅನ್ನೋರು ಅವಳಿ ಅಣ್ಣತಮ್ಮ, ಅಲನ್ ಮತ್ತು ಮೈಕಲ್. ಮೈಕಲ್‌ಗೆ 1996ರಲ್ಲಿ ಹಳೇ ಯುದ್ಧದ ಮರುಪ್ರದರ್ಶನ ಒಂದರಲ್ಲಿ ಫಿರಂಗಿ ಅಪಘಾತ ಆಗಿ ಬಲಗೈ ಹೋಯ್ತು, ಆಮೇಲೆ ಎಡಗೈಲಿ ಕೆತ್ತೋದು ಕಲಿತರು. ಎರಡು ಕೈ ನೆಟ್ಟಗಿದ್ದೂ ನಾನು ಸುತ್ತೋ ರುಮಾಲು ಮಸಾಲೆ ವಡೆ ಥರ ಕಂಡಾಗೆಲ್ಲ ಆ ವಿಷ್ಯ ಜ್ಞಾಪಿಸ್ಕೋತೀನಿ.

ಈಗ ಮೈಸೂರು ಸಿಪಾಯಿ ಏನು ಹಾಕ್ತಿದ್ದ ಅನ್ನೋದು. ಆ ಕಾಲದ ಇಂಗ್ಲಿಷರ ವರ್ಣನೆ ಇದೆ: ನೇರಳೆ ಬಣ್ಣದ ಜಾಕೆಟ್ಟು, ಅದರ ಮೇಲೆ ವಜ್ರದಾಕಾರದ ಬಿಳೀ ಚುಕ್ಕೆ, ಅದಕ್ಕೆ ಹುಲಿ ಜಾಕೆಟ್ಟು ಅಂತಲೇ ಹೆಸರು, ತಲೆಗೆ ಕೆಂಪು ಮಸ್ಲಿನ್ ರುಮಾಲು, ಸೊಂಟಕ್ಕೆ ನೀಲಿ ಪಟ್ಟಿ, ಕಾಲು ಬರಿಗಾಲು, ಪಾದಕ್ಕೆ ಚಪ್ಪಲಿ ಥರದ್ದೊಂದು. ಇದು ಮೂರನೇ ಮೈಸೂರು ಯುದ್ಧದ ಹೊತ್ತಿನ ವರ್ಣನೆ, 1780ಕ್ಕೆ ಅಕ್ಷರಶಃ ಹೊಂದುತ್ತೆ ಅಂತ ನಾನು ಆಣೆ ಮಾಡಲ್ಲ, ಆದ್ರೆ ಟೇಬಲ್ ಮೇಲೆ ನಿಲ್ಲಿಸಿದಾಗ ಹುಲಿ ಜಾಕೆಟ್ ಇಲ್ದೇ ಇದ್ರೆ ಅದು ಮೈಸೂರು ಸೈನ್ಯ ಅಂತ ಯಾರಿಗೂ ಅನ್ಸಲ್ಲ. ಇನ್ನು ದರಿಯಾ ದೌಲತ್ ಗೋಡೆ ಇದ್ದೇ ಇದೆ. 1784ರಲ್ಲಿ ಕಟ್ಟಿದ್ದು, ಪಡುವಣ ಗೋಡೇಲಿ ಇದೇ ಪೊಲ್ಲಿಲೂರಿನ ಚಿತ್ರ. ನಾನು ಚಿಕ್ಕಂದಿಂದ ಹತ್ತು ಸಲ ಹೋಗಿದ್ದೆ, ಸ್ಕೂಲ್ ಟ್ರಿಪ್ಪು, ನೆಂಟರು ಬಂದಾಗ, ಹೀಗೆ, ಒಂದು ಸಲಾನೂ ಕಣ್ಣು ಬಿಟ್ಟು ನೋಡಿರ್ಲಿಲ್ಲ. ಈ ಸಲ ಹೋಗಿ ಒಂದೂವರೆ ಗಂಟೆ ಬರೀ ರುಮಾಲುಗಳನ್ನ ನೋಡಿದೆ. ಪಲ್ಲಕ್ಕೀಲಿ ಗಾಯಗೊಂಡ ಬೇಲಿ, ಸುತ್ತ ಚೌಕಾಕಾರದಲ್ಲಿ ನಿಂತ ಕೆಂಪು ಕೋಟುಗಳು, ಮಧ್ಯೆ ಸಿಡೀತಿರೋ ಮದ್ದಿನ ಬಂಡಿ, ದೂರದರ್ಶಕ ಹಿಡ್ಕೊಂಡ ಫ್ರೆಂಚ್ ಅಧಿಕಾರಿ ಲಾಲಿ. ಕಾವಲಿನವರು ಎರಡು ಸಲ ಹತ್ರ ಬಂದು ಏನ್ ಸಾರ್ ಅಂತ ಕೇಳಿದ್ರು. ಆದ್ರೆ ಒಂದು ಎಚ್ಚರ, ಡಾಲ್‌ಹೌಸಿ ಕಾಲದಲ್ಲಿ ಇದಕ್ಕೆ ಮತ್ತೆ ಬಣ್ಣ ಹಚ್ಚಿಸಿದಾರೆ, ಹಾಗಾಗಿ ಗುಂಡಿ ಎಷ್ಟು ಅಂತ ಎಣಿಸ್ಕೊಂಡು ಬಂದು ಇದೇ ಸತ್ಯ ಅನ್ನೋ ಹಾಗಿಲ್ಲ. ರುಮಾಲು ಸುತ್ತೋ ರೀತಿ, ಅದರ ದಪ್ಪ, ಅದು ಹಣೆ ಮೇಲೆ ಎಲ್ಲಿ ಕೂರುತ್ತೆ, ಇಷ್ಟಕ್ಕೆ ಮಾತ್ರ ಅದು ನನಗೆ ಗುರು.

ಸರಿ, ಪುಟ್ಟಿಗೆ ಬರೋಣ.

ಮೊದಲ ನಾಲ್ಕು ಜನಕ್ಕೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಮಾಮೂಲಿ ಎಪಾಕ್ಸಿ ಪುಟ್ಟಿ ಹಾಕಿದೆ, ಅದೇ, ನಲ್ಲಿ ಪೈಪ್ ಸೋರಿದ್ರೆ ಮೆತ್ತೋದು. ಕಲಸಿ, ಉಂಡೆ ಮಾಡಿ, ತಲೆ ಮೇಲಿಟ್ಟು ಸೂಜೀಲಿ ಗೆರೆ ಎಳೆಯೋಣ ಅನ್ನೋ ಹೊತ್ತಿಗೆ ಕಲ್ಲು. ಮೈಸೂರು ಏಪ್ರಿಲ್ ಸೆಕೆ ಬೇರೆ. ಗೆರೆ ಎಳೆದ್ರೆ ಒಣಗಿದ ರಾಗಿಮುದ್ದೆ ಥರ ಅಂಚು ಅಂಚಾಗಿ ಕಿತ್ಕೊಂಡು ಬರುತ್ತೆ. ಅದರ ತಪ್ಪಲ್ಲ ಬಿಡಿ, ಅದನ್ನ ಮಾಡಿರೋದೇ ಬೇಗ ಗಟ್ಟಿಯಾಗ್ಲಿ ಅಂತ, ಯಾರೂ ಪೈಪಿಗೆ ರುಮಾಲಿನ ಮಡಿಕೆ ಬಿಡಿಸಲ್ಲ. ಆ ನಾಲ್ಕು ಜನ ಈಗ್ಲೂ ಇದಾರೆ, ಹಿಂದಿನ ಸಾಲಲ್ಲಿ ನಿಲ್ಲಿಸ್ತೀನಿ.

ಆಮೇಲೆ ತರಿಸಿದ್ದು ಗ್ರೀನ್ ಸ್ಟಫ್. ಅಸಲಿ ಹೆಸರು ನೀಡಟೈಟ್, ಆದ್ರೆ ಪ್ರಪಂಚದಲ್ಲಿ ಈ ಹವ್ಯಾಸದೋರೆಲ್ಲ ಕರೆಯೋದು ಗ್ರೀನ್ ಸ್ಟಫ್ ಅಂತಲೇ. ಎರಡು ಭಾಗ, ಒಂದು ಹಳದಿ ಒಂದು ನೀಲಿ, ಎರಡನ್ನೂ ಕಲಸಿದ್ರೆ ಹಸಿರಾಗುತ್ತೆ. ಹಳದಿ ಗೆರೆ ಕಾಣದೇ ಇರೋ ತನಕ ನಾದಬೇಕು, ಅರೆಬರೆ ಕಲಸಿದ್ರೆ ಅಲ್ಲಲ್ಲಿ ಅಂಟಂಟು ಉಳಿದು ಎರಡು ದಿನ ಆದ್ರೂ ಒಣಗಲ್ಲ. ಇದರ ದೊಡ್ಡ ಗುಣ ಅಂದ್ರೆ ಟೈಮ್ ಕೊಡುತ್ತೆ. ಸುಮಾರು ಒಂದೂವರೆ ಗಂಟೆ ಆರಾಮಾಗಿ ಕೆಲಸ ಮಾಡಬಹುದು, ಪೂರ್ತಿ ಗಟ್ಟಿಯಾಗೋಕೆ ಒಂದು ರಾತ್ರಿ, ಸರಿಯಾಗಿ ಹೇಳ್ಬೇಕು ಅಂದ್ರೆ ಒಂದು ದಿನ. ಗಟ್ಟಿಯಾದ್ಮೇಲೂ ಚೂರು ರಬ್ಬರ್ ಥರ ಬಗ್ಗುತ್ತೆ, ಒಡೆಯಲ್ಲ. ಕತ್ತಿಯ ಪಟ್ಟಿ, ರುಮಾಲಿನ ನೇತಾಡೋ ತುದಿ, ಇಂಥ ತೆಳು ವಸ್ತು ಎಲ್ಲ ಆಟದಲ್ಲಿ ಕೈ ತಗುಲಿದ್ರೂ ಮುರಿಯಲ್ಲ, ಇದು ವಾರ್‌ಗೇಮ್ ಆಡೋರಿಗೆ ಎಷ್ಟು ದೊಡ್ಡ ವಿಷ್ಯ ಅಂತ ಆಡೋರಿಗೇ ಗೊತ್ತು. ಶೋಕೇಸ್‌ನಲ್ಲಿಡೋ ಗೊಂಬೆ ಅಲ್ವಲ್ಲ ಇದು, ಮೂರು ಜನ ದೊಡ್ಡ ಗಂಡಸರು ಕಾಫಿ ಲೋಟ ಪಕ್ಕದಲ್ಲಿಟ್ಕೊಂಡು ಎತ್ತಿ ಎತ್ತಿ ಇಡೋ ಸಾಮಾನು.

ಕೊಳ್ಳೋವಾಗ ಒಂದು ವಿಷ್ಯ, ಇದೊಂದು ಓದಿದ್ರೂ ಸಾಕು. ಇದು ಎರಡು ರೂಪದಲ್ಲಿ ಬರುತ್ತೆ. ಒಂದು ರಿಬ್ಬನ್, ಹಳದಿ ನೀಲಿ ಎರಡೂ ಪಟ್ಟಿ ಪಕ್ಕಪಕ್ಕ ಅಂಟ್ಕೊಂಡಿರುತ್ತೆ. ಇನ್ನೊಂದು ಎರಡು ಬೇರೆ ಬೇರೆ ತುಂಡು. ರಿಬ್ಬನ್ ನೋಡೋಕೆ ಚೆನ್ನಾಗಿರುತ್ತೆ, ಅಳತೆ ಮಾಡೋ ತಲೆನೋವಿಲ್ಲ, ಕತ್ತರಿಸಿದ್ರೆ ಸಮಸಮ. ಆದ್ರೆ ಎರಡೂ ತಾಗಿರೋ ಮಧ್ಯದ ಗೆರೆಯಲ್ಲಿ ಅದು ಡಬ್ಬಿ ಒಳಗೇ ನಿಧಾನಕ್ಕೆ ಗಟ್ಟಿಯಾಗ್ತಾ ಇರುತ್ತೆ. ಅದನ್ನ ಹಾಗೇ ಕಲಸಿದ್ರೆ ಪುಟ್ಟಿ ತುಂಬಾ ಸಾಸಿವೆಗಿಂತ ಸಣ್ಣ ಗಟ್ಟಿ ಕಾಳು, ರುಮಾಲಿನ ಮಡಿಕೆ ಎಳೀತಾ ಇದ್ರೆ ಸೂಜಿಗೆ ಆ ಕಾಳು ಸಿಕ್ಕಿ ಇಡೀ ಮಡಿಕೆ ಕಿತ್ತು ಬರುತ್ತೆ. ನನಗೆ ಮೊದಲು ಬಂದಿದ್ದು ಅದೇ, ಯಾವ ಅಂಗಡಿ ಅಂತ ಹೇಳಲ್ಲ, ಎಷ್ಟು ದಿನ ಅವರ ಗೋಡೌನ್‌ನಲ್ಲಿ ಕೂತಿತ್ತೋ, ಮಧ್ಯದಲ್ಲಿ ಎರಡು ಎಂಎಂ ಪೂರ್ತಿ ಪ್ಲಾಸ್ಟಿಕ್ ಆಗಿತ್ತು. ಫೋನ್ ಮಾಡಿದ್ರೆ ಅದು ಹಾಗೇ ಬರೋದು ಸಾರ್ ಅಂದ್ರು. ಮಧ್ಯದ ಪಟ್ಟಿನ ಬ್ಲೇಡಲ್ಲಿ ಕತ್ತರಿಸಿ ಬಿಸಾಕಿದೆ, ಅಂದ್ರೆ ಕೊಟ್ಟ ದುಡ್ಡಲ್ಲಿ ಕಾಲು ಭಾಗ ಕಸದ ಬುಟ್ಟಿಗೆ. ಎರಡನೇ ಸಲ ಬೇರೆ ಬೇರೆ ತುಂಡಿಂದು ತರಿಸಿದೆ, ಆವತ್ತಿಂದ ನೆಮ್ಮದಿ. ನೀವೂ ಅದನ್ನೇ ತಗೊಳಿ, ಸ್ವಲ್ಪ ಜಾಸ್ತಿ ಆದ್ರೂ.

ಬೇರೆ ಬೇರೆ ಇದ್ರೆ ಇನ್ನೊಂದು ಲಾಭ, ಅಳತೆ ನಮ್ಮ ಕೈಲಿರುತ್ತೆ. ಹಳದಿ ಜಾಸ್ತಿ ಹಾಕಿದ್ರೆ ಮೆತ್ತಗೆ, ಅಂಟು ಜಾಸ್ತಿ, ಬಟ್ಟೆ ಮಡಿಕೆಗೆ ಚೆನ್ನ. ನೀಲಿ ಜಾಸ್ತಿ ಹಾಕಿದ್ರೆ ಗಟ್ಟಿ, ಅಂಚು ಚೂಪಾಗಿ ನಿಲ್ಲುತ್ತೆ, ಬೆಲ್ಟು ಬಕಲ್ಲಿಗೆ ಚೆನ್ನ. ನಾನು ರುಮಾಲಿಗೆ ಹಳದಿ ಒಂದು ಚಿಟಿಕೆ ಮುಂದೆ ಹಾಕ್ತೀನಿ. ಒಬ್ಬಟ್ಟಿಗೆ ಕಣಕ ಮಾಡೋರಿಗೆ ಈ ಲೆಕ್ಕ ಹೇಳ್ಕೊಡಬೇಕಾಗಿಲ್ಲ, ಮೈದಾ ಹಿಡಿ ಜಾಸ್ತಿ ಆದ್ರೆ ಹರಿಯುತ್ತೆ, ಎಣ್ಣೆ ಜಾಸ್ತಿ ಆದ್ರೆ ಹರಡುತ್ತೆ, ಕೈಗೇ ಗೊತ್ತಾಗ್ಬೇಕು.

ರುಮಾಲು ಹೇಗೆ ಸುತ್ತೋದು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಡೀ ರಿವ್ಯೂಗೆ ಕಾರಣಾನೇ ಅದು. ಮೊದಲು ಟೋಪಿನ ಚೂಪು ಬ್ಲೇಡಲ್ಲಿ ಹುಬ್ಬಿನ ಮೇಲಿಂದ ಸೀಳಿ ತೆಗೀಬೇಕು, ಹಿಂದೆ ಜಡೆ ಥರ ಕೂದ್ಲು ಕಟ್ಟಿರ್ತಾರೆ, ಅದನ್ನೂ ಕೆರೆದು ಹಾಕಿ. ಬೋಳು ತಲೆ ಉಳಿಯುತ್ತೆ. ಅದರ ಮೇಲೆ ಜೋಳದ ಕಾಳಿನ ಅರ್ಧದಷ್ಟು ಪುಟ್ಟಿ ಉಂಡೆ ಇಟ್ಟು ಒತ್ತಿ ಬುರುಡೆ ಆಕಾರ ಮಾಡಿ, ಅಷ್ಟೇ, ಅವತ್ತಿಗೆ ಕೆಲಸ ಮುಗೀತು, ಎದ್ದು ಹೋಗಿ. ಇದೇ ಕಷ್ಟ. ನಾನು ಮೊದಲ ಹತ್ತು ಜನದಲ್ಲಿ ಒಂದೇ ಸಲ ಕೂತು ಎಲ್ಲ ಮುಗಿಸೋಕೆ ಹೋಗಿ ಹತ್ತೂ ಹಾಳಾದ್ವು, ಮೇಲಿನ ಮಡಿಕೆ ಒತ್ತಿದ್ರೆ ಕೆಳಗಿನ ಬುರುಡೆ ಚಪ್ಪಟೆ ಆಗುತ್ತೆ, ಬುರುಡೆ ಸರಿ ಮಾಡೋಕೆ ಹೋದ್ರೆ ಮಡಿಕೆ ಕಿವಿಗಿಳಿಯುತ್ತೆ. ಮಾರನೇ ದಿನ ಆ ಬುರುಡೆ ಗಟ್ಟಿಯಾಗಿರುತ್ತೆ, ಆಗ ಹೊಸದಾಗಿ ಕಲಸಿ, ಅರ್ಧ ಗಂಟೆ ಹಾಗೇ ಬಿಡಿ, ಇದೂ ಮುಖ್ಯ, ಕಲಸಿದ ಕೂಡ್ಲೇ ಅದು ಬೆರಳಿಗೆ ಸೂಜಿಗೆ ಎಲ್ಲದಕ್ಕೂ ಅಂಟುತ್ತೆ, ಸಿಪಾಯಿಗೆ ಬಿಟ್ಟು. ಅರ್ಧ ಗಂಟೆ ಆದ್ಮೇಲೆ ಮಾತು ಕೇಳುತ್ತೆ. ಒಂದು ಟೈಲ್ಸ್ ತುಂಡಿನ ಮೇಲೆ ಚೂರು ನೀರು ಸವರಿ, ಶಾವಿಗೆ ಎಳೆ ಥರ ಹೊಸೀರಿ, ಒಂದು ಎಂಎಂಗಿಂತ ತೆಳ್ಳಗೆ. ಎಡಗಿವಿ ಮೇಲಿಂದ ಶುರು ಮಾಡಿ ಹಣೆ ಮೇಲೆ ಓರೆಯಾಗಿ ತಂದು ಬಲಗಿವಿ ಹಿಂದೆ, ಮುಂದಿನ ಎಳೆ ಅದಕ್ಕೆ ವಿರುದ್ಧ ಓರೆ, ಹಣೆ ನಡುವೆ ಎರಡೂ ದಾಟಬೇಕು. ನಾಲ್ಕು ಎಳೆ ಸಾಕು. ಆಮೇಲೆ ಪ್ರತಿ ಎಳೆ ಮೇಲೂ ಒದ್ದೆ ಸೂಜೀಲಿ ಉದ್ದಕ್ಕೆ ಎರಡು ಗೀರು, ಸಮ ಗೀರಲ್ಲ, ಒಂದು ಆಳ ಒಂದು ಮೇಲುಮೇಲೆ, ಆಗ ಅದು ಹಗ್ಗ ಅನ್ನಿಸೋದು ಹೋಗಿ ಬಟ್ಟೆ ಅನ್ಸುತ್ತೆ. ಕಡೇದಾಗಿ ಒಂದು ಚಪ್ಪಟೆ ತುಣುಕು ಹಿಂದೆ ಕತ್ತಿನ ಮೇಲೆ ಇಳಿಬಿಡಿ. ಭೂತಕನ್ನಡಿ ತೆಗೆದು ಒಂದು ಮಾರು ದೂರದಿಂದ ನೋಡಿ, ರುಮಾಲು ಅಂತ ಕಂಡ್ರೆ ಸಾಕು, ಹತ್ರದಿಂದ ಚೆಂದ ಕಾಣ್ಬೇಕು ಅನ್ನೋ ಆಸೆ ಬಿಡಿ.

ಟೂಲ್ಸ್‌ಗೆ ಅಂತ ದುಡ್ಡು ಸುರೀಬೇಡಿ. ಸೆಟ್‌ನಲ್ಲಿ ಹತ್ತು ಹನ್ನೆರಡು ಉಕ್ಕಿನ ಕಡ್ಡಿ ಕೊಡ್ತಾರೆ, ನಾನು ಬಳಸೋದು ಎರಡೇ. ನಮ್ಮ ಮೂರು ಜನದಲ್ಲಿ ಒಬ್ಬ ಹಲ್ಲಿನ ಡಾಕ್ಟ್ರು, ಸವೆದ ಪ್ರೋಬ್ ಎಲ್ಲ ಕುದಿಸಿ ತಂದ್ಕೊಡ್ತಾನೆ, ಅದಕ್ಕಿಂತ ಒಳ್ಳೇ ಟೂಲ್ ನಾನು ಕಂಡಿಲ್ಲ. ಇಲ್ದಿದ್ರೆ ಹೊಲಿಗೆ ಸೂಜಿನ ಹಳೇ ಪೆನ್ನಿನ ಕೊಳವೆಗೆ ಸಿಗಿಸಿ ಫೆವಿಕ್ವಿಕ್ ಹಾಕಿ, ಮುಗೀತು. ಸಿಲಿಕಾನ್ ತುದಿ ಇರೋ ಬ್ರಷ್ ಥರದ್ದು ಬರುತ್ತೆ, ಅದೊಂದು ಮಾತ್ರ ದುಡ್ಡು ಕೊಟ್ಟು ತಗೊಳಿ, ಬೆರಳಚ್ಚು ಅಳಿಸೋಕೆ ಅದಿಲ್ದೇ ಆಗಲ್ಲ.

ಬೆರಳಚ್ಚು ಅಂದ್ರೆ ನೆನಪಾಯ್ತು. ಸಿಪಾಯಿನ ಬರಿಗೈಲಿ ಹಿಡ್ಕೊಂಡು ಕೆಲಸ ಮಾಡ್ಬೇಡಿ. ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ಏಳು ಜನಕ್ಕೆ ಸೊಂಟದ ಪಟ್ಟಿ ಮುಗಿಸಿ, ಎಂಟನೆಯವನ ರುಮಾಲು ನೋಡೋಣ ಅಂತ ಅವನನ್ನ ತಿರುಗಿಸಿದ್ರೆ ಹೆಬ್ಬೆರಳು ನೇರ ಹಸಿ ಪಟ್ಟಿ ಮೇಲೆ. ಪೊಲೀಸ್ ಸ್ಟೇಷನ್‌ನಲ್ಲಿ ಹಾಕಿಸ್ಕೋತಾರಲ್ಲ ಅಷ್ಟು ಸ್ಪಷ್ಟ ಹೆಬ್ಬೆಟ್ಟು. ಆವತ್ತಿಂದ ಎಲ್ಲರನ್ನೂ ಖಾಲಿ ಅಮೃತಾಂಜನ ಡಬ್ಬಿ ಮೇಲೆ ಡಬಲ್ ಟೇಪಲ್ಲಿ ನಿಲ್ಲಿಸಿ, ಡಬ್ಬಿನ ಮಾತ್ರ ಹಿಡ್ಕೋತೀನಿ. ನಮ್ಮಜ್ಜಿ ಕಾಲದಿಂದ ಬಿಸಾಕದೆ ಇಟ್ಟಿದ್ದ ಡಬ್ಬಿಗಳಿಗೆ ಕಡೆಗೂ ಒಂದು ಉಪಯೋಗ.

ಸೊಂಟದ ಪಟ್ಟಿ ರುಮಾಲಿಗಿಂತ ಸುಲಭ. ಕೋಟಿನ ಬಾಲ ಕತ್ತರಿಸಿ, ಎದೆ ಮೇಲಿನ ಮಡಿಚಿದ ಅಂಚು ಕೆರೆದು ಸಮ ಮಾಡಿ, ಆ ಕತ್ತರಿಸಿದ ಗಾಯ ಮುಚ್ಚೋ ಹಾಗೆ ಅಗಲ ಪಟ್ಟಿ ಸುತ್ತಿ. ಅಂದ್ರೆ ನಿಮ್ಮ ಬ್ಲೇಡಿನ ತಪ್ಪೆಲ್ಲ ಪಟ್ಟಿ ಕೆಳಗೆ ಹೋಗುತ್ತೆ. ಕಾಲಿಗೆ ಪುಟ್ಟೀನೇ ಬೇಡ, ಗೇಟರ್ ಅಂದ್ರೆ ಮೊಣಕಾಲ ಕೆಳಗಿನ ಬಟ್ಟೆ ಕವಚ, ಅದರ ಗುಂಡಿ ಕೆರೆದು ಮೈ ಬಣ್ಣ ಬಳಿದ್ರೆ ಬರಿಗಾಲು. ಚಪ್ಪಲಿ ಮಾಡ್ಲೇಬೇಕು ಅಂತಿದ್ರೆ ಮಾಡಿ, ನಾನು ಬಣ್ಣದಲ್ಲೇ ಮುಗಿಸಿದೆ.

ಬಾಕಿ ಪುಟ್ಟಿ ಫ್ರಿಜ್‌ನಲ್ಲಿಡಿ, ಅದೂ ಫ್ರೀಜರ್‌ನಲ್ಲಿ. ತಣ್ಣಗಿದ್ರೆ ಗಟ್ಟಿಯಾಗೋದು ತುಂಬ ನಿಧಾನ ಆಗುತ್ತೆ. ಕಲಸಿ ಮಿಕ್ಕಿದ್ದನ್ನೂ ಇಡಬಹುದು, ಮಾರನೇ ದಿನ ಸಣ್ಣಪುಟ್ಟ ಕೆಲಸಕ್ಕೆ ಆಗುತ್ತೆ. ನಮ್ಮನೇಲಿ ಇದು ಕರಿಬೇವಿನ ಡಬ್ಬಿ ಪಕ್ಕ ಒಂದು ವಾರ ಇತ್ತು, ಆಮೇಲೆ ಒಂದು ಬೆಳಿಗ್ಗೆ "ರೀ, ಪುದೀನ ಚಟ್ನಿ ಯಾವಾಗ ಮಾಡಿದ್ದು ಇದು, ಹೀಗೆ ಕಲ್ಲಾಗಿದೆಯಲ್ರೀ" ಅಂತ ಕೂಗು ಬಂತು. ತಿನ್ನೋದಲ್ಲ ಕಣೇ ಅದು ಅಂದೆ. "ತಿನ್ನೋದಲ್ದಿದ್ರೆ ಫ್ರಿಜ್‌ನಲ್ಲಿ ಯಾಕಿದೆ" ಅನ್ನೋದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ನಿಜವಾಗ್ಲೂ ಆಕೆ ಹೇಳಿದ್ದೇ ಸರಿ, ಎಪಾಕ್ಸಿ ಇದು, ಬಿಗಿ ಮುಚ್ಚಳದ ಬೇರೆ ಡಬ್ಬೀಲಿ, ಮೇಲೆ ದಪ್ಪಕ್ಷರದಲ್ಲಿ ಬರೆದು, ಊಟದ ಸಾಮಾನಿಂದ ದೂರ ಇಡಬೇಕು. ಅಡುಗೆಮನೆ ಚಾಕು, ಲಟ್ಟಣಿಗೆ ಇದಕ್ಕೆ ಮುಟ್ಟಿಸ್ಲೇಬೇಡಿ. ಹಸಿ ಪುಟ್ಟಿ ಕೆಲವರ ಚರ್ಮಕ್ಕೆ ಆಗಲ್ಲ, ತುರಿಕೆ ಬರುತ್ತೆ, ಒಂದ್ಸಲ ಶುರುವಾದ್ರೆ ಆಮೇಲೆ ಚೂರು ಮುಟ್ಟಿದ್ರೂ ಬರಬಹುದು, ತೆಳು ಗ್ಲೌಸ್ ಹಾಕ್ಕೊಂಡು ಕಲಸಿ. ಮಕ್ಕಳ ಕೈಗೆ ಕೊಡಬೇಡಿ, ನೋಡೋಕೆ ಅವರ ಆಟದ ಬಣ್ಣದ ಹಿಟ್ಟಿನ ಥರಾನೇ ಇರುತ್ತೆ.

ಅಂಟದೇ ಇರ್ಲಿ ಅಂತ ನೀರಿನ ಬದಲು ಕೆಲವರು ವ್ಯಾಸಲೀನ್ ಸವರ್ತಾರೆ. ನಾನು ಅತಿಬುದ್ಧಿ ಮಾಡಿ ಕೊಬ್ಬರಿ ಎಣ್ಣೆ ಸವರಿದೆ. ಕೆತ್ತೋಕೆ ಸೊಗಸು, ಬೆಣ್ಣೆ. ಆದ್ರೆ ಎಣ್ಣೆ ಅಲ್ಲೇ ಕೂತು ಪ್ರೈಮರ್ ಹಿಡೀಲಿಲ್ಲ, ರುಮಾಲಿನ ಮೇಲೆಲ್ಲ ತೊನ್ನು ಥರ ಬಿಳೀ ತೇಪೆ. ಪಾತ್ರೆ ಸೋಪಲ್ಲಿ ಹಳೇ ಹಲ್ಲುಜ್ಜೋ ಬ್ರಷ್ ಹಾಕಿ ತಿಕ್ಕಿ ಮತ್ತೆ ಬಳೀಬೇಕಾಯ್ತು. ನೀರೇ ಸಾಕು.

ಈಗ ಇದರ ಕೈಲಿ ಆಗದ್ದು. ಉಜ್ಜೋಕಾಗಲ್ಲ. ಒಣಗಿದ್ಮೇಲೂ ರಬ್ಬರ್ ಗುಣ ಇರೋದ್ರಿಂದ ಮರಳು ಕಾಗದ ಹಾಕಿದ್ರೆ ನುಣುಪಾಗಲ್ಲ, ನೂಲು ನೂಲಾಗಿ ಏಳುತ್ತೆ. ಅಂದ್ರೆ ಚಪ್ಪಟೆ ಮೇಲ್ಮೈ, ನೇರ ಅಂಚು, ಪೆಟ್ಟಿಗೆ, ತೋಪಿನ ಗಾಡಿ, ಇದಕ್ಕೆಲ್ಲ ಗ್ರೀನ್ ಸ್ಟಫ್ ತಗೊಂಡ್ರೆ ದುಡ್ಡು ದಂಡ. ಬಿರುಕು ಮುಚ್ಚೋಕೂ ಇದು ದುಬಾರಿ ದಾರಿ. ಅಲ್ಲಿಗೆ ಮಿಲಿಪುಟ್ ಅನ್ನೋ ಇನ್ನೊಂದು ಪುಟ್ಟಿ ತಗೊಳಿ, ವೇಲ್ಸ್‌ನಲ್ಲಿ ಮಾಡೋದು, ನೀರಲ್ಲಿ ಸವರಿದ್ರೆ ಅಂಚು ಮಾಯ ಆಗುತ್ತೆ, ಒಣಗಿದ್ರೆ ಕಲ್ಲು, ಉಜ್ಜಬಹುದು, ತೂತು ಕೊರೀಬಹುದು. ಆದ್ರೆ ತೆಳ್ಳಗೆ ಮಾಡಿದ್ರೆ ಹಪ್ಪಳ, ಟಕ್ ಅಂತ ಮುರಿಯುತ್ತೆ. ಎರಡನ್ನೂ ಅರ್ಧರ್ಧ ಕಲಸಿ ಬಳಸೋರು ತುಂಬ ಜನ, ನಾನೂ ಈಗ ಸೊಂಟದ ಪಟ್ಟಿಗೆ ಅದೇ ಮಾಡ್ತಿದೀನಿ, ಅಂಟು ಕಮ್ಮಿ, ಗೀರು ಚೂಪು, ಒಣಗಿದ್ಮೇಲೆ ಚೂರು ಉಜ್ಜಬಹುದು, ಗ್ರೀನ್ ಸ್ಟಫ್ ಖರ್ಚೂ ಅರ್ಧ. ರುಮಾಲಿನ ಇಳಿಬಿಟ್ಟ ತುದಿಗೆ ಮಾತ್ರ ಅಪ್ಪಟ ಹಸಿರೇ.

ರಾಕೆಟ್‌ಗೆ ಎರಡೂ ಬೇಡ. ಇದನ್ನ ಹೇಳ್ಲೇಬೇಕು, ಯಾಕಂದ್ರೆ ರಾಕೆಟ್ ಇಲ್ದೇ ಮೈಸೂರು ಸೈನ್ಯ ಮಾಡೋದು ಇಂಗಿಲ್ಲದ ಸಾರು. 2018ರಲ್ಲಿ ಹೊಸನಗರ ತಾಲೂಕಿನ ನಗರ ಅನ್ನೋ ಊರಲ್ಲಿ ಒಂದು ಹಾಳು ಬಾವಿ ಕೆದಕಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆ ಸಿಕ್ಕಿದ್ವಲ್ಲ, ಅವು 23ರಿಂದ 26 ಸೆಂಟಿಮೀಟರ್ ಉದ್ದ ಅಂತ ಆಗ ಸುದ್ದೀಲಿ ಬಂದಿತ್ತು. ನಮ್ಮ ಸಿಪಾಯಿ ಅಳತೆ ಸುಮಾರು 56ರಲ್ಲಿ ಒಂದು ಭಾಗ, ಅಂದ್ರೆ ರಾಕೆಟ್ ಕೊಳವೆ ನಾಲ್ಕೂವರೆ ಎಂಎಂ, ದಪ್ಪ ಒಂದು ಎಂಎಂ ಆಸುಪಾಸು. ಅಷ್ಟಕ್ಕೆ ಪುಟ್ಟಿ ಹೊಸೀತಾ ಕೂರೋ ಬದಲು ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ನಾಲ್ಕೂವರೆ ಎಂಎಂ ಕತ್ತರಿಸಿ. ಕೊಳವೆಗೆ ಕಟ್ಟೋ ಬಿದಿರು ಗಳಕ್ಕೆ ಕಡ್ಡಿ ಪೊರಕೆಯ ತುದಿ, ತೆಂಗಿನ ಗರಿಯ ಕಡ್ಡಿ ತುದೀಲಿ ಎಷ್ಟು ಸಣ್ಣ ಇರುತ್ತೆ ಅಂದ್ರೆ ಅಳತೆಗೆ ಹೇಳಿ ಮಾಡ್ಸಿದ ಹಾಗಿದೆ, ಎರಡೂವರೆ ಸೆಂಟಿಮೀಟರ್ ಸಾಕು. ಕಟ್ಟಿರೋ ಹಗ್ಗಕ್ಕೆ ಮಾತ್ರ ಗ್ರೀನ್ ಸ್ಟಫ್ ಒಂದು ಸುತ್ತು. ಟಿಪ್ಪು ಪದಾತಿ ದಳ ಒಂದೊಂದಕ್ಕೂ, ಅದಕ್ಕೆ ಕುಶೂನ್ ಅಂತಿದ್ರು, ರಾಕೆಟ್‌ನೋರ ತುಕಡಿ ಬೇರೆ ಇರ್ತಿತ್ತು, ಹಾಗಾಗಿ ಇಪ್ಪತ್ನಾಲ್ಕು ಜನಕ್ಕೆ ನಾಲ್ಕು ರಾಕೆಟ್ ಜನ ಇಟ್ಟಿದೀನಿ. ಮನೆ ಪೊರಕೆ ತೆಳ್ಳಗಾಗಿದ್ದು ಯಾರಿಗೂ ಇನ್ನೂ ಗೊತ್ತಾಗಿಲ್ಲ.

ಬಣ್ಣದ ಬಗ್ಗೆ ಬೇರೆಯೇ ಬರೀಬೇಕು, ಇಲ್ಲಿ ಒಂದೇ ಮಾತು. ಹುಲಿ ಜಾಕೆಟ್ಟಿನ ಬಿಳೀ ಚುಕ್ಕೆ, ಒಬ್ಬನಿಗೆ ನಲವತ್ತು ಅಂತ ಇಟ್ಕೊಂಡ್ರೆ ಇಪ್ಪತ್ನಾಲ್ಕು ಜನಕ್ಕೆ ಒಂಬೈನೂರ ಅರವತ್ತು. ಮಗಳು ರಂಗೋಲಿ ಚುಕ್ಕಿ ಥರ ಸಾಲು ತಪ್ಪಿಸಿ ಇಡಪ್ಪಾ ಅಂದ್ಲು, ಅವಳು ಹೇಳಿದ ಹಾಗೆ ಒಂದು ಸಾಲು ಬಿಟ್ಟು ಒಂದು ಸಾಲಲ್ಲಿ ಎಡೆಯಲ್ಲಿಟ್ಟೆ, ದೂರದಿಂದ ವಜ್ರವಜ್ರವಾಗಿ ಕಾಣುತ್ತೆ. ನಾನು ಎರಡು ವಾರ ತಲೆ ಕೆರ್ಕೊಂಡಿದ್ದನ್ನ ಎಂಟನೇ ಕ್ಲಾಸಿನ ಹುಡುಗಿ ಹೋಂವರ್ಕ್ ಮಧ್ಯ ತಲೆ ಎತ್ತಿ ಹೇಳಿದ್ಲು.

ರೇಟು. ಬೇರೆ ದೇಶದಿಂದ ತರಿಸಿದ್ರೆ ಪುಟ್ಟಿಗಿಂತ ಪೋಸ್ಟೇಜ್ ಜಾಸ್ತಿ, ಮೇಲೆ ಸುಂಕ, ನನ್ನ ಒಂದು ಪಾರ್ಸೆಲ್ ಮೂರು ವಾರ ಎಲ್ಲಿತ್ತೋ ದೇವರಿಗೇ ಗೊತ್ತು, ಟಾಯ್ಸ್ ಅಂತ ಬರೆದಿದ್ದಕ್ಕೆ ಒಳಗೇನಿದೆ ಅಂತ ಪತ್ರ ಬೇರೆ ಕೇಳಿದ್ರು. ಒಬ್ಬರೇ ತರಿಸ್ಬೇಡಿ, ಮೂರ್ನಾಲ್ಕು ಜನ ಸೇರಿ ತರಿಸಿ. ಒಬ್ಬ ಸಿಪಾಯಿಗೆ ಎಷ್ಟು ಬೇಕು ಅಂತ ನಾನು ಅಂದಾಜು ಮಾಡಿರೋದು, ರುಮಾಲು ಪಟ್ಟಿ ಎರಡೂ ಸೇರಿ ಒಂದು ತೊಗರಿಬೇಳೆಯಷ್ಟು, ಅಷ್ಟೇ. ಹಾಗಾಗಿ ದೊಡ್ಡ ಪ್ಯಾಕ್ ಆಸೆ ಬೇಡ. ನನ್ನ ಚಿಕ್ಕ ಪ್ಯಾಕಲ್ಲಿ ಇಪ್ಪತ್ನಾಲ್ಕು ಜನ ಮುಗಿದು ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ, ನಾನು ಹಾಳು ಮಾಡಿದ್ದು ಸೇರಿಸಿ.

ನೀವು ತಲೆ ಬದಲಾಯಿಸಿ, ಕೈ ಬದಲಾಯಿಸಿ ಅಷ್ಟರಲ್ಲೇ ಖುಷಿ ಅನ್ನೋರಾದ್ರೆ ಇದು ಬೇಡ್ವೇ ಬೇಡ. ಬೇರೆ ಡಬ್ಬಿಯಿಂದ ರುಮಾಲು ಕಟ್ಟಿರೋ ತಲೆ ತಂದು ಅಂಟಿಸಿ, ಅಫ್ಘಾನ್ ಬುಡಕಟ್ಟಿನೋರ ಡಬ್ಬೀಲಿ ಚೆನ್ನಾಗಿರೋ ತಲೆಗಳಿವೆ, ಗಡ್ಡ ಮಾತ್ರ ಬ್ಲೇಡಲ್ಲಿ ಬೋಳಿಸಿ ಮೀಸೆ ಉಳಿಸ್ಕೋಬೇಕು. ನಮ್ಮ ಹಲ್ಲಿನ ಡಾಕ್ಟ್ರು ಹಾಗೇ ಮಾಡಿದ್ದು, ಒಂದೇ ವಾರದಲ್ಲಿ ಅವನ ತುಕಡಿ ರೆಡಿ, ಟೇಬಲ್ ಮೇಲೆ ನಂದಕ್ಕಿಂತ ಕೆಟ್ಟದಾಗೇನೂ ಕಾಣಲ್ಲ, ಹೇಳೋಕೆ ಹೊಟ್ಟೆ ಉರಿಯುತ್ತೆ. ಬಟ್ಟೆ ಕೆಲಸ ಕೈಯಾರೆ ಮಾಡ್ಬೇಕು ಅನ್ನೋ ಚಟ ಇದ್ರೆ ಮಾತ್ರ ತಗೊಳಿ, ಆಗ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಐದಕ್ಕೆ ನಾಲ್ಕು ಕೊಡ್ತೀನಿ. ರಿಬ್ಬನ್ ರೂಪಕ್ಕೆ ಎರಡೂವರೆ.

ಮುಂದಿನದು ಬೇಲಿಯ ಪಲ್ಲಕ್ಕಿ. ಕಂಬ, ಹಲಗೆ ಎಲ್ಲ ಮಿಲಿಪುಟ್ಟು, ಮೇಲಿನ ಬಟ್ಟೆ ಗ್ರೀನ್ ಸ್ಟಫ್. ಒಳಗೆ ಕೂರೋ ಮನುಷ್ಯನಿಗೆ ಡಬ್ಬೀಲಿ ಕೂತಿರೋ ಭಂಗಿ ಇಲ್ಲ, ಮಂಡಿ ಹತ್ರ ಕತ್ತರಿಸಿ ಬಗ್ಗಿಸಿಟ್ಟಿದೀನಿ, ಪೊಲ್ಲಿಲೂರಿನ ಸಂಜೆ ಅವನ ಕಾಲೂ ಹೆಚ್ಚುಕಮ್ಮಿ ಅದೇ ಸ್ಥಿತೀಲಿತ್ತು. ಬುರುಡೆ ಒಣಗ್ತಿದೆ, ನಾಳೆ ಸಂಜೆ ಮುಟ್ತೀನಿ.